ಡಯಲ್-ಅಪ್ ಕಾಲದ ಜಾಲತಾಣ ತಡೆಗಳು ಮತ್ತು ಗಡಿನಾಡಿನ ಕನ್ನಡ ಓದು

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಒಂದು ಕಾಲಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉದಗೀರ, ನಿಲಂಗಾಗಳು ಬೀದರ ಜಿಲ್ಲೆಗೂ ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯದ ಪಾಲಾದವು. ಸಂತೆ, ಜಾತ್ರೆ, ಬೀಗತನಗಳು ಮೊದಲಿನಂತೆಯೇ ಉಳಿದವು. ಬಸವಕಲ್ಯಾಣದ ದಾರಿ ಯಾರಿಗೂ ಮುಚ್ಚಲಿಲ್ಲ. ಆದರೆ ಕಚೇರಿಯ ಭಾಷೆ ಬದಲಾಯಿತು. ಕನ್ನಡದ ಪತ್ರಿಕೆ, ಪುಸ್ತಕಗಳು ಗಡಿ ದಾಟಿ ಬರುವುದು ಬರುವವರ ಕೈಚೀಲವನ್ನು ಅವಲಂಬಿಸಿತು.

ಇಂಥ ನೆಲದಲ್ಲಿ ನಿಂತು ನೋಡಿದಾಗ, ದೂರವಾಣಿ ತಂತಿಯ ಮೂಲಕ ಬಂದ ಅಂತರಜಾಲದ ಕಥೆಗೆ ಬೇರೆಯದೇ ಅರ್ಥ ಬರುತ್ತದೆ. ಪುಸ್ತಕದಂಗಡಿಯಿಲ್ಲದ ಊರಿಗೂ ಕನ್ನಡ ತಲುಪಬಹುದಾದ ದಾರಿ ಅದು. ಆ ದಾರಿ ಕೆಲವು ಬಾರಿ ಕಟ್ಟಿಹೋದದ್ದನ್ನೂ, ಓದುಗರು ಬಳಸುದಾರಿ ಹಿಡಿದು ಅದನ್ನು ದಾಟಿದ್ದನ್ನೂ ನಮ್ಮ ಭಾಷೆಯ ಚರಿತ್ರೆಯ ಒಂದು ಅಧ್ಯಾಯವೆಂದೇ ನಾವು ಭಾವಿಸುತ್ತೇವೆ.

ದಾರಿ ತೆರೆದ ಬಗೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಅದನ್ನು ಒದಗಿಸಿದ್ದು ವಿದೇಶ ಸಂಚಾರ ನಿಗಮ, ಅಂದರೆ ವಿ.ಎಸ್.ಎನ್.ಎಲ್. ಮೋಡೆಮ್ ಎಂಬ ಪೆಟ್ಟಿಗೆ ಕೀರಲು ದನಿ ಹೊರಡಿಸಿ ದೂರದ ಗಣಕದೊಡನೆ ಮಾತು ಕೂಡಿಸುತ್ತಿತ್ತು. ಸಂಪರ್ಕ ಇರುವಷ್ಟು ಹೊತ್ತು ಮನೆಯ ಫೋನಿಗೆ ಬೇರೆ ಕರೆ ಬರುವಂತಿರಲಿಲ್ಲ. ಸ್ಥಳೀಯ ಸಂಪರ್ಕ ಕೇಂದ್ರವಿಲ್ಲದ ಊರಿನವರು ಎಸ್.ಟಿ.ಡಿ. ದರ ತೆತ್ತು ದೊಡ್ಡ ನಗರಕ್ಕೆ ಕರೆ ಮಾಡಬೇಕಿತ್ತು. 1998ರ ಕೊನೆಯಲ್ಲಿ ಖಾಸಗಿ ಸಂಸ್ಥೆಗಳಿಗೂ ಪರವಾನಗಿ ದೊರೆತ ಮೇಲೆ ದರ ಇಳಿಯಿತು. ಸೈಬರ್ ಕೆಫೆಗಳು ಸಣ್ಣ ಪಟ್ಟಣಗಳಿಗೂ ಬಂದವು.

ಕನ್ನಡವೂ ತಡಮಾಡಲಿಲ್ಲ. ಡಾ. ಯು.ಬಿ. ಪವನಜರು 1996ರಲ್ಲಿಯೇ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಬಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಯಾಹೂ ಗ್ರೂಪ್ಸ್‌ನಲ್ಲಿ ಕನ್ನಡದ ಚರ್ಚಾಕೂಟಗಳೂ, ಕೆಲವು ವರ್ಷಗಳ ಬಳಿಕ ಬ್ಲಾಗ್‌ಸ್ಪಾಟ್‌ನಲ್ಲಿ ಕನ್ನಡ ಬರಹಗಾರರ ತಾಣಗಳೂ ತುಂಬಿಕೊಂಡವು. ಈ ಎರಡೂ ಕಡೆ ಜಾಗಕ್ಕೆ ಬಾಡಿಗೆ ಇರಲಿಲ್ಲ. ಹಣವಿಲ್ಲದ ಭಾಷಾಪ್ರೇಮಿಗಳು ಅಲ್ಲಿ ಮನೆ ಮಾಡಿದ್ದು ಸಹಜವೇ. ಅದೇ ಮುಂದೆ ತೊಡಕಾಯಿತು.

ಮೂರು ತಡೆಗಳು

ಮೊದಲನೆಯದು 1999ರ ಕಾರ್ಗಿಲ್ ಯುದ್ಧದ ದಿನಗಳಲ್ಲಿ ನಡೆಯಿತು. ಪಾಕಿಸ್ತಾನದ ‘ಡಾನ್’ ಪತ್ರಿಕೆಯ ತಾಣ ವಿ.ಎಸ್.ಎನ್.ಎಲ್. ಮೂಲಕ ತೆರೆಯದಂತಾಯಿತು. ಹೊರದೇಶಕ್ಕೆ ಹೋಗುವ ಹೆಬ್ಬಾಗಿಲು ಆಗ ಆ ಒಂದೇ ಸಂಸ್ಥೆಯ ಕೈಯಲ್ಲಿದ್ದುದರಿಂದ ಒಂದು ಕಡೆ ಬೀಗ ಹಾಕಿದರೆ ದೇಶಕ್ಕೆಲ್ಲ ಬೀಗ ಬಿದ್ದಂತೆ. ಆಗ ಓದುಗರು ಕಂಡುಕೊಂಡ ಉಪಾಯ ಮಧ್ಯವರ್ತಿ ತಾಣ. ಬೇಕಾದ ಪುಟವನ್ನು ನೇರವಾಗಿ ಕೇಳದೆ ಮೂರನೆಯ ತಾಣವೊಂದಕ್ಕೆ ಹೇಳಿದರೆ, ಅದು ಆ ಪುಟವನ್ನು ತಂದು ಕೊಡುತ್ತಿತ್ತು. ಬಾಗಿಲಲ್ಲಿ ನಿಂತವನಿಗೆ ಮಧ್ಯವರ್ತಿಯ ಹೆಸರು ಮಾತ್ರ ಕಾಣುತ್ತಿತ್ತು.

ಎರಡನೆಯದು 2003ರ ಸೆಪ್ಟೆಂಬರಿನದು. ಮೇಘಾಲಯದ ಪ್ರತ್ಯೇಕತಾವಾದಿ ಸಂಘಟನೆಯೊಂದಕ್ಕೆ ಸೇರಿದ ‘ಕಿನ್ಹುನ್’ ಎಂಬ ಪುಟ್ಟ ಯಾಹೂ ಗುಂಪನ್ನು ತಡೆಯುವಂತೆ ಸರಕಾರ ಆಜ್ಞೆ ಹೊರಡಿಸಿತು. ಸೇವೆ ಒದಗಿಸುವ ಸಂಸ್ಥೆಗಳು ಆ ಒಂದು ಗುಂಪನ್ನು ಮಾತ್ರ ಬೇರ್ಪಡಿಸಲಾರದೆ ಯಾಹೂ ಗ್ರೂಪ್ಸ್ ಅನ್ನು ಇಡಿಯಾಗಿ ಮುಚ್ಚಿಬಿಟ್ಟವು. ಕಾರಣ ಸರಳವಾದದ್ದು. ಲಕ್ಷಾಂತರ ಗುಂಪುಗಳು ಒಂದೇ ವಿಳಾಸದಡಿ ವಾಸವಾಗಿದ್ದವು. ಸಂಸ್ಥೆಗಳು ಬಳಸಿದ ಉಪಕರಣ ವಾಡೆಯ ವಿಳಾಸವನ್ನು ಓದಬಲ್ಲುದಾಗಿತ್ತೇ ಹೊರತು ಒಳಗಿನ ಕೋಣೆಯ ಸಂಖ್ಯೆಯನ್ನಲ್ಲ. ಹೀಗಾಗಿ ದೂರದ ಮೇಘಾಲಯದ ಒಂದು ಗುಂಪಿಗೆ ಹಾಕಿದ ಬೀಗ ಕನ್ನಡದ ಚರ್ಚಾಕೂಟಗಳ ಬಾಗಿಲಿಗೂ ಬಿದ್ದಿತು.

ಮೂರನೆಯದು 2006ರ ಜುಲೈನಲ್ಲಿ. ಅದೇ ತಿಂಗಳ 11ರಂದು ಮುಂಬಯಿಯ ಲೋಕಲ್ ರೈಲುಗಳಲ್ಲಿ ಸ್ಫೋಟಗಳಾಗಿ ನೂರೆಂಬತ್ತಕ್ಕೂ ಹೆಚ್ಚು ಜನ ಸತ್ತರು. ಎರಡು ದಿನಗಳಲ್ಲೇ ದೂರಸಂಪರ್ಕ ಇಲಾಖೆ ಇಪ್ಪತ್ತಕ್ಕೂ ಕಡಿಮೆಯಿದ್ದ ತಾಣ, ಪುಟಗಳ ಪಟ್ಟಿಯೊಂದನ್ನು ಸಂಸ್ಥೆಗಳಿಗೆ ಕಳುಹಿಸಿತು. ಮತ್ತೆ ಅದೇ ಕಥೆ: ಹಲವು ಸಂಸ್ಥೆಗಳು ಬ್ಲಾಗ್‌ಸ್ಪಾಟ್, ಜಿಯೋಸಿಟೀಸ್‌ಗಳನ್ನು ಬೇರುಸಹಿತ ತಡೆದವು. ಪಟ್ಟಿಯಲ್ಲಿರುವುದನ್ನಷ್ಟೇ ತಡೆಯಿರಿ ಎಂದು ಸರಕಾರ ಸ್ಪಷ್ಟಪಡಿಸಿದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು.

ಬಳಸುದಾರಿಗಳು

2003ರಲ್ಲಿ ಹೆಚ್ಚು ನೆರವಾದದ್ದು ಅತ್ಯಂತ ಹಳೆಯ ಸಾಧನವಾದ ಇ-ಅಂಚೆ. ಯಾಹೂ ಗುಂಪಿನ ಸದಸ್ಯರು ಬಯಸಿದರೆ ಪ್ರತಿಯೊಂದು ಸಂದೇಶವೂ ಅವರ ಅಂಚೆಪೆಟ್ಟಿಗೆಗೇ ಬರುತ್ತಿತ್ತು. ತಾಣ ಮುಚ್ಚಿದ್ದರೂ ಅಂಚೆ ಬೇರೆ ದಾರಿಯಲ್ಲಿ ಹರಿಯುತ್ತಿತ್ತು. ಜಗಲಿಗೆ ಹೋಗಿ ಓದುತ್ತಿದ್ದವರು ಹೊರಗುಳಿದರು. ಪ್ರತಿಯನ್ನು ಮನೆಗೆ ತರಿಸಿಕೊಳ್ಳುತ್ತಿದ್ದವರ ಓದು ನಿಲ್ಲಲಿಲ್ಲ.

2006ರಲ್ಲಿ ದಾರಿಗಳು ಹೆಚ್ಚಿದ್ದವು. ಬ್ಲಾಗುಗಳ ಹೊಸ ಬರಹಗಳನ್ನು ಒಟ್ಟುಗೂಡಿಸಿ ತೋರಿಸುವ ಫೀಡ್ ಓದುಗಗಳು, ಹುಡುಕುಯಂತ್ರ ತನ್ನಲ್ಲಿ ಇಟ್ಟುಕೊಂಡಿದ್ದ ನಕಲುಪುಟಗಳು, ಮಧ್ಯವರ್ತಿ ತಾಣಗಳು, ಹೀಗೆ ಹಲವು. ಇವುಗಳಲ್ಲಿ ‘ಪಿಕೆ ಬ್ಲಾಗ್ಸ್’ ಎಂಬುದನ್ನು ಮರೆಯಲಾಗದು. ಅದೇ ವರ್ಷ ಪಾಕಿಸ್ತಾನದಲ್ಲೂ ಬ್ಲಾಗ್‌ಸ್ಪಾಟ್ ಅನ್ನು ತಡೆಯಲಾಗಿತ್ತು. ಅಲ್ಲಿಯ ಓದುಗರಿಗಾಗಿ ಸಿದ್ಧವಾದ ಆ ಬಳಸುದಾರಿಯಲ್ಲೇ ಕೆಲವು ತಿಂಗಳ ಬಳಿಕ ಭಾರತೀಯರೂ ನಡೆದರು. ಗಡಿಯ ಆಚೆ ತೋಡಿದ ಬಾವಿಯ ನೀರು ಈಚೆಯವರ ಬಾಯಾರಿಕೆಯನ್ನೂ ತಣಿಸಿತು. ಗಡಿನಾಡಿನವರಾದ ನಮಗೆ ಇದು ಅಚ್ಚರಿಯ ಸಂಗತಿಯೇನಲ್ಲ.

ಕನ್ನಡ ಓದುಗರಿಗೆ ಇನ್ನೊಂದು ಅಡ್ಡಿಯಿತ್ತು. ಅದಕ್ಕೆ ಯಾರ ಆಜ್ಞೆಯೂ ಬೇಕಿರಲಿಲ್ಲ. ವಿಂಡೋಸ್ 98 ಇದ್ದ ಗಣಕದಲ್ಲಿ ಯುನಿಕೋಡ್ ಕನ್ನಡ ಸಾಮಾನ್ಯವಾಗಿ ಬರಿಯ ಚೌಕಗಳಾಗಿ ಕಾಣುತ್ತಿತ್ತು. ‘ತುಂಗಾ’ ಅಕ್ಷರಶೈಲಿಯೊಡನೆ ಬಂದ ಎಕ್ಸ್‌ಪಿಯಲ್ಲೂ ಭಾರತೀಯ ಭಾಷೆಗಳ ಸೌಲಭ್ಯವನ್ನು ಸಿ.ಡಿ. ಹಾಕಿ ಬೇರೆಯಾಗಿ ಅಳವಡಿಸಬೇಕಿತ್ತು. ತಾಣ ತೆರೆದರೂ ಅಕ್ಷರ ತೆರೆಯದ ಕಾಲ ಅದು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೇಶದ ಭದ್ರತೆಗಾಗಿ ಸರಕಾರ ಕೆಲವು ಪುಟಗಳನ್ನು ತಡೆಯುವ ಅಧಿಕಾರವನ್ನು ನಾವಿಲ್ಲಿ ಪ್ರಶ್ನಿಸುತ್ತಿಲ್ಲ. 2008ರ ತಿದ್ದುಪಡಿಯಿಂದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 69ಎ ಕಲಂ ಸೇರಿತು; 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ 2003 ಮತ್ತು 2006ರಲ್ಲಿ ಮುಚ್ಚಿಹೋದ ಕನ್ನಡ ಪುಟಗಳ ಮೇಲೆ ಯಾರ ಆಜ್ಞೆಯೂ ಇರಲಿಲ್ಲ. ಕಳೆ ಕೀಳಲು ಹೋಗಿ ಹೊಲವನ್ನೇ ಕಿತ್ತಂತಾಯಿತು. ಬಳಸುದಾರಿ ಹಿಡಿದ ಕನ್ನಡಿಗರು ತಮ್ಮದೇ ಬೆಳೆಯನ್ನು ಉಳಿಸಿಕೊಂಡರು.

ನಮ್ಮ ಪಾಲಿನ ಪಾಠ

ತಡೆಗಳು ದಿನಗಳಲ್ಲಿ, ವಾರಗಳಲ್ಲಿ ತೆರವಾದವು. ಶಾಶ್ವತ ನಷ್ಟ ಬಂದದ್ದು ಬೇರೆ ದಿಕ್ಕಿನಿಂದ. ಜಿಯೋಸಿಟೀಸ್ ಅನ್ನು 2009ರಲ್ಲಿ, ಯಾಹೂ ಗ್ರೂಪ್ಸ್ ಅನ್ನು 2020ರ ಡಿಸೆಂಬರಿನಲ್ಲಿ ಅವುಗಳ ಒಡೆಯರೇ ಮುಚ್ಚಿದರು. ಅಲ್ಲಿ ನಡೆದ ಕನ್ನಡದ ವಾದ, ಸಂವಾದ, ಅನುವಾದಗಳಲ್ಲಿ ಯಾರೂ ನಕಲು ಇಟ್ಟುಕೊಳ್ಳದಿದ್ದುದು ಅಳಿದುಹೋಯಿತು. ಈ ಬಾಗಿಲಿಗೆ ಬಳಸುದಾರಿಯೇ ಇಲ್ಲ.

ಎರಡು ಸಂದರ್ಭಗಳಲ್ಲೂ ಉಳಿದದ್ದು ಪ್ರತಿ ಇದ್ದದ್ದು ಮಾತ್ರ. ಓಲೆಗರಿಗಳ ಕಾಲದಿಂದಲೂ ನಮ್ಮ ಮಠಗಳೂ ಮನೆತನಗಳೂ ವಚನಗಳನ್ನು ಕಾಪಾಡಿದ್ದು ಇದೇ ಕ್ರಮದಿಂದ: ಒಬ್ಬರ ಕಟ್ಟನ್ನು ಇನ್ನೊಬ್ಬರು ನಕಲು ಮಾಡಿ ಬೇರೆ ಊರಿನಲ್ಲಿ ಇಡುತ್ತಿದ್ದರು. ಇಂದು ನಮ್ಮ ಮಕ್ಕಳು ಉದಗೀರದಲ್ಲಿ ಕುಳಿತು ಕ್ಷಣಾರ್ಧದಲ್ಲಿ ಕನ್ನಡ ಓದಬಲ್ಲರು. ಆದರೆ ನಮ್ಮ ಸಂಘಗಳ ಬರಹ, ಛಾಯಾಚಿತ್ರ, ಧ್ವನಿಮುದ್ರಣಗಳು ಹೆಚ್ಚಾಗಿ ಪರರ ಉಚಿತ ಜಗಲಿಯಲ್ಲೇ ಮಲಗಿವೆ. ಅವುಗಳದೊಂದು ಪ್ರತಿ ಸಂಘದ ಗಣಕದಲ್ಲಿ, ಒಂದು ಸದಸ್ಯರ ಮನೆಯಲ್ಲಿ, ಒಂದು ಅಚ್ಚಿನಲ್ಲಿ ಇರಲಿ. ಗಡಿಯಲ್ಲಿ ಬದುಕುವ ಭಾಷೆಗೆ ಒಂದೇ ಬಾಗಿಲಿನ ಮನೆ ಸಾಲದು. ಈ ಸಂಚಿಕೆಯೂ ಅಂಥ ಒಂದು ಪ್ರತಿಯೇ ಆದ್ದರಿಂದ ಓದಿದ ಮೇಲೆ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಎಲ್ಲ ಕುಟುಂಬಗಳಲ್ಲಿ ನಮ್ಮ ವಿನಂತಿ.