ಓಣಿ ಕಾಮಣ್ಣ, ಕಡಲ ದಂಡಿ ಬೆಂಕಿ

ಗೋಕರ್ಣ, ಮಲ್ಪೆ ಕಡೆ ಹೋಗಿ ಬಂದ ಹುಡುಗರು ರಾತ್ರಿ ಉಸುಕಿನ ಮ್ಯಾಲ ಬೆಂಕಿ ಹಾಕ್ಕೊಂಡು ಕುಂತ ಫೋಟೋ ತೋರಸ್ತಾರ. ನೋಡಾಕ ಚಂದ ಇರ್ತಾವ. ಆದ್ರ ನನಗ ಬರೋ ಪ್ರಶ್ನಿ ಬ್ಯಾರೆ. ಎಲ್ಲಾರೂ ಎದ್ದು ಹೋದ ಮ್ಯಾಲ ಆ ಬೆಂಕಿ ಯಾರದು? ನಮ್ಮ ವಿಜಯಪುರಕ್ಕ ಕಡಲಿಲ್ಲ ಖರೇ, ಆದ್ರ ಮಂದಿ ಓಡಾಡೋ ಜಾಗಾದಾಗ ಬೆಂಕಿ ಹಚ್ಚೋದು ನಮಗೇನು ಹೊಸಾದಲ್ರಿ. ಹೋಳಿ ಹುಣ್ಣಿವಿ ಕಾಮಣ್ಣ ಅಂದ್ರ ಮತ್ತೇನು?

ಶಿವ ಕಾಮನ್ನ ಸುಟ್ಟ ಕಥಿ ಹರಿಹರ ಕವಿ ‘ಗಿರಿಜಾಕಲ್ಯಾಣ’ದಾಗ ಬರದಾನ. ಅದು ನಿಮಗ ಗೊತ್ತಿದ್ದದ್ದ. ನಾ ಹೇಳೋದು ಕಟ್ಟಿಗಿ ಲೆಕ್ಕ.

ನಮ್ಮ ಜಿಲ್ಲಾದಾಗ ಅಡವಿ ನೂರಕ್ಕ ಒಂದು ಪಾಲೂ ಇರಲಿಲ್ಲ. ಒಲಿಗೆ ತೊಗರಿ ಕಟ್ಟಿಗಿ, ಹತ್ತಿ ಕಟ್ಟಿಗಿ, ಜಾಲಿ, ಕುಳ್ಳು ಇಷ್ಟ. ಅಂಥಾ ನಾಡಿನಾಗ ಆಳೆತ್ತರ ಕಾಮಣ್ಣನ ಒಟ್ಟಬೇಕಂದ್ರ ಎಲ್ಲಿಂದ ತರಬೇಕು? ಹುಡುಗರು ಕದ್ದು ತರ್ತಿದ್ರು. ಹಿತ್ತಲದಾಗಿನ ಕುಳ್ಳು, ಮುರಕ ಬಾಗಲಾ, ಹಳೇ ಗಾಡಿ ತುಂಡು, ಕೈಗೆ ಸಿಕ್ಕದ್ದೆಲ್ಲಾ. ಒಮ್ಮೆ ಕಾಮಣ್ಣನ ಮ್ಯಾಲ ಬಿತ್ತಂದ್ರ ತಿರುಗಿ ಕೇಳಂಗಿಲ್ಲ, ಸಿಟ್ಟಾಗಂಗಿಲ್ಲ. ಹೆಂಗಸರು ಬಾಯಿ ಮಾಡ್ತಿದ್ರು, ಆದ್ರೂ ನಾಕು ಕುಳ್ಳು ಹೊರಗ ಬಿಟ್ಟು ಉಳದದ್ದನ್ನ ಒಳಗ ಒಟ್ಟಿ ಇಡ್ತಿದ್ರು. ನನ್ನ ಕೇಳಿದ್ರ ಇದು ಕಳವಲ್ಲ, ಓಣಿ ಪಟ್ಟಿ. ಎಲ್ಲಾರ ಮನಿ ಕಟ್ಟಿಗಿ ಅದರಾಗ ಇರೋದಕ್ಕ ಎಲ್ಲಾರ ಕಣ್ಣೂ ಆ ಬೆಂಕಿ ಮ್ಯಾಲ ಇರ್ತಿತ್ತು.

ಇರಬೇಕಾದದ್ದೂ ಹೌದು. ಹೋಳಿ ಬರೋದು ಬಿಳಿಜೋಳದ ರಾಶಿ ಆದ ಮ್ಯಾಲ. ಆಗ ಕಣಿಕಿ ಬಣವಿ ಒಣಗಿ ನಿಂತಿರ್ತಾವ. ಒಂದು ಕಿಡಿ ಹಾರಿದ್ರ ವರ್ಷದ ದನದ ಮೇವು ಹೋತು. ಅದಕ್ಕ ಕಾಮಣ್ಣನ ಜಾಗಾ ವರ್ಷಾ ಅದ ಇರ್ತಿತ್ತು. ಧಾರವಾಡದಾಗ ಕಾಮನಕಟ್ಟಿ ಅಂತ ಓಣಿನ ಐತಿ, ನೋಡ್ರಿ. ಸುಡೋದೂ ಬಹಳ ಊರಾಗ ನಸುಕಿನ್ಯಾಗ, ಗಾಳಿ ತಣ್ಣಗಿದ್ದಾಗ. 1997ರ ತನಕ ನಮ್ಮ ಜಿಲ್ಲಾದಾಗ ಇದ್ದ ಬಾಗಲಕೋಟಿ ಹೋಳಿಗೆ ದೊಡ್ಡ ಹೆಸರು. ಅಲ್ಲಿ ಪೇಟಿ ಪೇಟಿಗೆ ಪಾಳಿ ಹಚ್ಚಿ ಬಣ್ಣ ಆಡ್ತಾರ. ಅಷ್ಟು ಮಂದಿ ಸೇರಿದ್ರೂ ಯಾವುದು ಯಾರ ಪಾಳಿ ಅನ್ನೋದು ಗೊತ್ತಿರ್ತದ.

ಇನ್ನೊಂದು ಮಾತು ಬಿಡಾಕ ಬರಂಗಿಲ್ಲ. ಎಷ್ಟೋ ಊರಾಗ ಕಾಮಣ್ಣಗ ಹಚ್ಚೋ ಮೊದಲ ಬೆಂಕಿ ದಲಿತರ ಕೇರಿಯಿಂದ ಬರಬೇಕು, ಹಲಗಿ ಬಾರಿಸಿಕೋತ ತರ್ತಾರ. ಹಿರಿಯರು ಇದನ್ನ ದೊಡ್ಡ ಮಾನ ಅಂತಾರ. ವರ್ಷದಾಗ ಒಂದು ದಿನ ಅವರ ಒಲಿ ಬೆಂಕಿ ಬೇಕು, ಉಳದ ದಿನ ಅವರಿಗೆ ಗುಡಿ ಬಾಗಲಾ ಹಾಕ್ಕೋಬೇಕು, ಇದ್ಯಾವ ಮಾನ್ರಿ?

ಸುಟ್ಟ ಮ್ಯಾಲೂ ಮಂದಿ ಸರಿತಿರಲಿಲ್ಲ. ಕೆಂಡದಾಗ ಕಡ್ಲಿ ಸುಟ್ಟು ತಿನ್ನಬೇಕು, ಒಂದಿಷ್ಟು ಕೆಂಡ ಮನಿಗೆ ಒಯ್ಯಬೇಕು. ಹಿಂಗಾಗಿ ಬೆಂಕಿ ಆರೋತನಕ ಕಾವಲು ತಾನ ಇರ್ತಿತ್ತು. ಮನಿಮನಿಗೆ ಗ್ಯಾಸ್ ಬಂದ ಮ್ಯಾಲ ಕುಳ್ಳೂ ಹೋದ್ವು, ಕೆಂಡ ಒಯ್ಯಾವ್ರೂ ಹೋದ್ರು. ಈಗ ಅದರ ಮ್ಯಾಲ ಟೈರು, ಪ್ಲಾಸ್ಟಿಕ್ಕು ಬೀಳ್ತಾವ. ಕೆಳಗ ಮಣ್ಣು ಹಾಸಲಾರದ ಹಚ್ಚಿದ್ರ ರಸ್ತೆದ ಡಾಂಬರೂ ಕರಗ್ತದ. ಆ ಹೊಗಿ ನಮ್ಮ ಎದಿಗೆ.

ಕಡಲ ದಂಡಿ ಬೆಂಕಿಗೆ ಓಣಿನೂ ಇಲ್ಲ, ಪಾಳಿನೂ ಇಲ್ಲ. ಹೊನ್ನಾವರದ ಹತ್ತರ ಕಾಸರಕೋಡ ದಂಡಿಗೆ ಸ್ವಚ್ಛತಾ ಅಂತ 2020ರಾಗ ಬ್ಲೂ ಫ್ಲ್ಯಾಗ್ ಸಿಕ್ಕೈತಿ. ಅದ ಊರ ಉಸುಕಿನಾಗ ಆಲಿವ್ ರಿಡ್ಲಿ ಕಡಲಾಮಿ ತತ್ತಿ ಇಡ್ತಾವ. ಅವಕ್ಕ 1972ರ ವನ್ಯಜೀವಿ ಕಾಯ್ದೆದ ರಕ್ಷಣಾ ಐತಿ. ಮರಿಗಳು ರಾತ್ರಿ ಹೊರಗ ಬಂದು ಬೆಳಕು ಹೆಚ್ಚಿದ್ದ ಕಡೆ ನಡೀತಾವ. ನೀರಿನ ಮ್ಯಾಲಿನ ಬೆಳಕು ಕಂಡ್ರ ಕಡಲು ಸೇರ್ತಾವ, ಯಾರದೋ ಬೆಂಕಿ ಕಂಡ್ರ ಅತ್ತಾಗ ತಿರಗ್ತಾವ.

ಹೋಗೂ ಮುಂದ ಬೆಂಕಿ ಮ್ಯಾಲ ಉಸುಕು ಎಳೆದು ಬಿಡ್ತಾರಂತ. ಒಲಿ ಹಚ್ಚಿದ ಯಾವ ಹೆಣ್ಣಮಗಳೂ ಇದನ್ನ ಒಪ್ಪಂಗಿಲ್ಲ. ರಾತ್ರಿ ಕೆಂಡದ ಮ್ಯಾಲ ಬೂದಿ ಮುಚ್ಚಿ ಮಲಗತಿದ್ವಿ, ಮುಂಜಾನೆ ಬೂದಿ ಸರಿಸಿ ಊದಿದ್ರ ಬೆಂಕಿ ತಯಾರ. ಮುಚ್ಚೋದು ಆರಸಾಕಲ್ಲ, ಉಳಸಾಕ. ಮ್ಯಾಲ ನೋಡಿದ್ರ ಬರೇ ಉಸುಕು, ಒಳಗ ತಾಸುಗಟ್ಟಲೆ ಕೆಂಡ ಜೀವಂತ, ಮುಂಜಾನೆ ಬರಿಗಾಲಿನ ಕೂಸು ಅದರ ಮ್ಯಾಲ ಕಾಲಿಡ್ತದ. ಹತ್ತು ಹೆಜ್ಜಿ ಆಚೆ ಕಡಲು ಐತಿ, ನಾಕು ಕೊಡ ನೀರು ಸುರದು, ಕೈ ಆಡಿಸಿ ತಣ್ಣಗಾತೇನು ನೋಡಿ ಏಳಾಕ ಏನು ಕಷ್ಟ?