ಕಲ್ಲು, ನೀರು, ಕಾಲ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಖನಿಜ ಕ್ರಿಯೆಗಳೂ ಗಣಕ ಮಾದರಿಗಳೂ

ಚಿತ್ರದುರ್ಗ ಜಿಲ್ಲೆಯ ಚರಿತ್ರೆಯನ್ನು ಕುರಿತು ನಡೆದಿರುವ ಅಧ್ಯಯನಗಳಲ್ಲಿ ಕೋಟೆ, ಪಾಳೆಯಗಾರರ ಆಳ್ವಿಕೆ, ಶಾಸನ ಮತ್ತು ಉತ್ಖನನಗಳಿಗೆ ದೊರೆತಿರುವ ಸ್ಥಾನ ದೊಡ್ಡದು. ನೀರಿನ ಚರಿತ್ರೆಯೂ ಕೆರೆ, ಕಟ್ಟೆ, ಜಲಾಶಯಗಳ ನಿರ್ಮಾಣದ ನೆಲೆಯಿಂದ ಸಾಕಷ್ಟು ಚರ್ಚಿತವಾಗಿದೆ. ಆದರೆ ನೀರಿನ ಗುಣಕ್ಕೂ ಒಂದು ಚರಿತ್ರೆಯಿದೆ. ಜಿಲ್ಲೆಯ ಪೂರ್ವಭಾಗದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಹಲವು ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಇದನ್ನು ‘ಈ ನೆಲದ ಗುಣವೇ ಹೀಗೆ’ ಎಂದು ಹೇಳಿ ಮುಗಿಸುವುದು ವಾಡಿಕೆ. ಇದು ನೆಲದ ಗುಣವೋ ಅಥವಾ ಕಾಲದಲ್ಲಿ ನಡೆದ ಒಂದು ಘಟನೆಯೋ ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಇದಕ್ಕೆ ಉತ್ತರ ಹುಡುಕಲು ಎರಡು ಬಗೆಯ ಆಕರಗಳು ನೆರವಾಗುತ್ತವೆ: ಖನಿಜ ಕ್ರಿಯೆಗಳನ್ನು ಲೆಕ್ಕಹಾಕುವ ಗಣಕ ಮಾದರಿಗಳು ಮತ್ತು ಈ ಸೀಮೆಯ ಜನರ ಬಳಕೆಯ ತಿಳಿವಳಿಕೆ.

ನೆಲದ ಸ್ವರೂಪ

ಈ ಭಾಗದ ತಳಶಿಲೆ ಮುಖ್ಯವಾಗಿ ಪದರುಶಿಲೆ ಮತ್ತು ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯಲ್ಪಡುವ, ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಶಿಲಾಪಟ್ಟಿಯು ದಕ್ಷಿಣೋತ್ತರವಾಗಿ ಸಾಗಿ ಮೊಳಕಾಲ್ಮೂರು ಪ್ರದೇಶವನ್ನು ಹಾದು ಬಳ್ಳಾರಿಯ ಕಡೆಗೆ ಹೋಗುತ್ತದೆ. ಬೆಣಚು, ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್‌ಗಳು ಇಂತಹ ಶಿಲೆಯ ಖನಿಜಗಳು. ಇವುಗಳಲ್ಲಿ ಕೊನೆಯ ಮೂರರಲ್ಲಿ ಫ್ಲೋರಿನ್ ಅಡಕವಾಗಿರುತ್ತದೆ. ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ವೇದಾವತಿ ನದಿಯು ಚಳ್ಳಕೆರೆ ತಾಲ್ಲೂಕಿನ ಮೂಲಕ ಹರಿದು ಆಂಧ್ರಪ್ರದೇಶವನ್ನು ಪ್ರವೇಶಿಸುತ್ತದೆಯಾದರೂ ವರ್ಷದ ಬಹುಕಾಲ ಅದರ ಪಾತ್ರ ಒಣಗಿಯೇ ಇರುತ್ತದೆ.

ಕಲ್ಲು ಕರಗುವ ವೇಗ ಎಷ್ಟು ನಿಧಾನವೆಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಸಾಕ್ಷ್ಯವಿದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ಕ್ರಿ.ಪೂ. ಮೂರನೆಯ ಶತಮಾನದವು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡ ಮೇಲೂ ಬ್ರಹ್ಮಗಿರಿಯ ಬಂಡೆಯ ಅಕ್ಷರಗಳನ್ನು ಓದಲು ಸಾಧ್ಯವಾಗಿದೆ. ಜಟಿಂಗ ರಾಮೇಶ್ವರದ ಪಾಠ ಮಾತ್ರ ಬಹಳವಾಗಿ ಸವೆದಿದೆ. ಬಂಡೆಯ ಮೇಲೆ ಬಿದ್ದ ಮಳೆಹನಿ ಕ್ಷಣಮಾತ್ರ ನಿಂತು ಜಾರಿಹೋಗುತ್ತದೆ. ಅದೇ ಹನಿ ಬಿರುಕಿನೊಳಗೆ ಇಳಿದು, ನುಗ್ಗಾದ ಶಿಲೆಯ ಅಸಂಖ್ಯ ಕಣಗಳ ನಡುವೆ ವರ್ಷಗಟ್ಟಲೆ ತಂಗಿದರೆ ಅದರ ಗುಣವೇ ಬೇರೆಯಾಗುತ್ತದೆ. ಆದುದರಿಂದ ಈ ಸೀಮೆಯ ನೀರನ್ನು ಅರಿಯಬೇಕಾದರೆ ಶಿಲೆಯ ಜೊತೆಗೆ ನೀರು ಕಳೆದ ಕಾಲವನ್ನೂ ಗಣನೆಗೆ ತೆಗೆದುಕೊಳ್ಳುವುದು ಅವಶ್ಯ.

ಮಾದರಿಗಳ ಹಿನ್ನೆಲೆ

ನೀರು ಮತ್ತು ಖನಿಜಗಳ ಕ್ರಿಯೆಯನ್ನು ಲೆಕ್ಕಕ್ಕೆ ತರುವ ಪ್ರಯತ್ನದ ಮೂಲವು 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಮಂಡಿಸಿದ ದ್ರವ್ಯಕ್ರಿಯಾ ನಿಯಮದಲ್ಲಿದೆ. ಸುಮಾರು ಒಂದು ಶತಮಾನದ ಬಳಿಕ, 1962ರಲ್ಲಿ, ಗ್ಯಾರಲ್ಸ್ ಮತ್ತು ಥಾಂಪ್ಸನ್ ಸಮುದ್ರದ ನೀರಿನಲ್ಲಿ ಅಯಾನುಗಳು ಹೇಗೆ ಜೋಡಿಯಾಗಿರುತ್ತವೆಂಬುದರ ಮಾದರಿಯನ್ನು ರೂಪಿಸಿದರು. 1960ರ ದಶಕದ ಕೊನೆಯಲ್ಲಿ ಹೆಲ್ಗೆಸನ್, ಶಿಲೆಯು ಹಂತಹಂತವಾಗಿ ಕರಗುವಾಗ ಯಾವ ಖನಿಜ ಯಾವಾಗ ಹುಟ್ಟುತ್ತದೆಂಬುದನ್ನು ಗಣಕಯಂತ್ರದಿಂದ ಲೆಕ್ಕಹಾಕುವ ವಿಧಾನವನ್ನು ತೋರಿಸಿದರು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಿಂದ 1980ರಲ್ಲಿ ‘ಫ್ರೀಕ್’, 1995ರಲ್ಲಿ ಅದರ ಪರಿಷ್ಕೃತ ರೂಪವಾದ ‘ಫ್ರೀಕ್-ಸಿ’ ಎಂಬ ಕ್ರಮವಿಧಿಗಳು ಪ್ರಕಟವಾದವು. ಈ ಎರಡನೆಯದು ಇಂದಿಗೂ ಅಂತರ್ಜಲದ ಅಧ್ಯಯನದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ.

ಇಂತಹ ಮಾದರಿಗಳ ಬೆಳವಣಿಗೆಗೆ ತೈಲೋದ್ಯಮದ ಅಗತ್ಯವೂ ಒಂದು ಕಾರಣ. ಮರಳುಗಲ್ಲಿನ ರಂಧ್ರಗಳಲ್ಲಿ ಕಚ್ಚಾತೈಲ ಸಂಗ್ರಹವಾಗಿರುತ್ತದೆ. ಅಲ್ಲಿಯೇ ಇರುವ ನೀರು ಫೆಲ್ಡ್‌ಸ್ಪಾರನ್ನು ಕರಗಿಸಿ ಜೇಡಿಖನಿಜಗಳನ್ನು ಹುಟ್ಟಿಸಿದರೆ ರಂಧ್ರಗಳು ಮುಚ್ಚಿ ತೈಲದ ಹರಿವು ಕುಂದುತ್ತದೆ. ಉತ್ತರ ಸಮುದ್ರದ ತೈಲಕ್ಷೇತ್ರಗಳಲ್ಲಿ ಇಲೈಟ್ ಎಂಬ ಜೇಡಿಖನಿಜದ ಎಳೆಗಳು ಇಂತಹ ತೊಂದರೆಗೆ ಕಾರಣವಾದುದು ಪ್ರಸಿದ್ಧ. ಕರ್ನಾಟಕದಲ್ಲಿ ತೈಲಕ್ಷೇತ್ರಗಳಿಲ್ಲ. ಆದರೆ ಮರಳುಗಲ್ಲಿನ ಕಣಗಳು ಬಹುಮಟ್ಟಿಗೆ ಗ್ರಾನೈಟಿನಂತಹ ಶಿಲೆಗಳು ಶಿಥಿಲಗೊಂಡು ಉದುರಿದ ಕಣಗಳೇ ಆದುದರಿಂದ, ತೈಲಬಾವಿಯ ಆಳದ ಖನಿಜ ಸಮೀಕರಣಗಳಿಗೂ ಮೊಳಕಾಲ್ಮೂರಿನ ಕೊಳವೆಬಾವಿಯ ಸಮೀಕರಣಗಳಿಗೂ ಮೂಲದಲ್ಲಿ ಭೇದವಿಲ್ಲ. ಉಷ್ಣತೆ, ಒತ್ತಡ ಮತ್ತು ಲವಣಾಂಶಗಳು ಮಾತ್ರ ಬೇರೆ.

ನಮ್ಮ ಸೀಮೆಗೆ ಹೆಚ್ಚು ಹತ್ತಿರವಾದುದು 1967ರಲ್ಲಿ ಗ್ಯಾರಲ್ಸ್ ಮತ್ತು ಮೆಕೆಂಜಿ ಪ್ರಕಟಿಸಿದ ಲೆಕ್ಕಾಚಾರ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತದ ಗ್ರಾನೈಟ್ ಪ್ರದೇಶದಲ್ಲಿ ಮಳೆಗಾಲದಲ್ಲಷ್ಟೇ ಜಿನುಗುವ ಊಟೆಗಳನ್ನೂ ವರ್ಷವಿಡೀ ಹರಿಯುವ ಊಟೆಗಳನ್ನೂ ಅವರು ಹೋಲಿಸಿದರು. ಹೆಚ್ಚು ಆಳಕ್ಕಿಳಿದು ಹೆಚ್ಚು ಕಾಲ ತಂಗಿದ ನೀರಿನಲ್ಲಿ ಕರಗಿದ ಅಂಶಗಳು ಅಧಿಕವಾಗಿದ್ದವು. ಆ ನೀರು ಬಿಸಿಲಿಗೆ ಆವಿಯಾಗುತ್ತ ಹೋದರೆ ಏನಾಗುತ್ತದೆಂದೂ ಅವರು ಲೆಕ್ಕಹಾಕಿದರು: ಮೊದಲು ಸುಣ್ಣದ ಅಂಶ ಗಟ್ಟಿಯಾಗಿ ಬೇರ್ಪಡುತ್ತದೆ; ಉಳಿಯುವುದು ಸೋಡಾಕ್ಷಾರದ ನೀರು.

ಚೌಳು ಮತ್ತು ಸುಣ್ಣದ ಕಲ್ಲು

ಗಣಕದ ಈ ಫಲಿತಾಂಶವನ್ನು ಚಳ್ಳಕೆರೆಯ ರೈತನಿಗೆ ತಿಳಿಸಿದರೆ ಅವನಿಗೆ ಆಶ್ಚರ್ಯವಾಗಲಾರದು. ಹೊಲದಲ್ಲಿ ಗುಂಟೆ ಹೊಡೆಯುವಾಗ ಸಿಗುವ ಸುಣ್ಣದ ಕಲ್ಲುಗಳೂ, ಬೇಸಗೆಯಲ್ಲಿ ತಗ್ಗಿನ ನೆಲದ ಮೇಲೆ ಬೆಳ್ಳಗೆ ಉಬ್ಬುವ ಚೌಳೂ ಅವನಿಗೆ ಪರಿಚಿತ. ಸುಣ್ಣದ ಕಲ್ಲನ್ನು ಸುಟ್ಟು ಗಾರೆಗೆ ಬಳಸುತ್ತಿದ್ದರು. ಚೌಳುಮಣ್ಣಿನಿಂದ ಬಟ್ಟೆ ಒಗೆಯುತ್ತಿದ್ದರು. ಉಪ್ಪುಮಣ್ಣನ್ನು ನೀರಿನಲ್ಲಿ ಸೋಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲವೃತ್ತಿಯಾಗಿತ್ತು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇದೇ ಜಿಲ್ಲೆಯ ಮತ್ತೋಡಿನಲ್ಲಿ ಚೌಳಿನ ಕ್ಷಾರವನ್ನು ಬಳಸಿ ಗಾಜಿನ ಬಳೆ ತಯಾರಿಸುತ್ತಿದ್ದುದನ್ನು ವಿವರಿಸಿದ್ದಾನೆ. ಅಂದರೆ ಮಣ್ಣಿನಲ್ಲಿ ಸುಣ್ಣವೂ ಕ್ಷಾರವೂ ಬೇರೆಬೇರೆಯಾಗಿ ಶೇಖರವಾಗುವ ಕ್ರಿಯೆಯನ್ನು ಇಲ್ಲಿಯ ವೃತ್ತಿಗಳು ಬಹುಕಾಲದಿಂದ ಗುರುತಿಸಿಕೊಂಡಿದ್ದವು.

ಫ್ಲೋರೈಡಿನ ಪ್ರಶ್ನೆಗೆ ಈ ಬೇರ್ಪಡುವಿಕೆಯೇ ಕೀಲಿಕೈ. ನೀರಿನಲ್ಲಿ ಕ್ಯಾಲ್ಸಿಯಂ ಇರುವವರೆಗೆ ಫ್ಲೋರೈಡ್ ಒಂದು ಮಿತಿಯನ್ನು ಮೀರಲಾರದು. ಮೀರಿದರೆ ಎರಡೂ ಕೂಡಿ ಫ್ಲೋರೈಟ್ ಎಂಬ ಖನಿಜವಾಗಿ ಗಟ್ಟಿಗೊಳ್ಳುತ್ತವೆ. ಕ್ಯಾಲ್ಸಿಯಂ ಪ್ರಮಾಣವನ್ನು ಫ್ಲೋರೈಡಿನ ವರ್ಗದಿಂದ ಗುಣಿಸಿದರೆ ಬರುವ ಸಂಖ್ಯೆಗೆ ಒಂದು ಸ್ಥಿರವಾದ ಮಿತಿಯಿದೆ. ಇತರ ಅಯಾನುಗಳ ಪ್ರಭಾವವನ್ನು ಬದಿಗಿಟ್ಟು ಲೆಕ್ಕಹಾಕಿದರೆ, ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ ಸುಮಾರು 1.9 ಮಿಲಿಗ್ರಾಂ ತನಕ ಏರಬಹುದು. ಸುಣ್ಣದ ಕಲ್ಲಾಗಿ ಬೇರ್ಪಟ್ಟು ಕ್ಯಾಲ್ಸಿಯಂ 25 ಮಿಲಿಗ್ರಾಂಗೆ ಇಳಿದರೆ ಆ ಮಿತಿ 3.8 ಮಿಲಿಗ್ರಾಂಗೆ ಏರುತ್ತದೆ. ಇದಲ್ಲದೆ ಕ್ಷಾರೀಯ ನೀರು ಅಭ್ರಕದೊಳಗಿನ ಫ್ಲೋರೈಡನ್ನು ಸ್ಥಳಾಂತರಿಸಿ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರ ಹೆಚ್ಚಿರುವ ಮೃದುವಾದ ನೀರೇ ಅಪಾಯಕಾರಿಯಾಗಿರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬೇಳೆ ಬೇಗ ಬೇಯುವ ಇಂತಹ ನೀರನ್ನು ‘ಒಳ್ಳೆಯ ನೀರು’ ಎಂದು ನಂಬುವುದು ಸಹಜ. ನಾಲಿಗೆಗೆ ತಿಳಿಯದ ದೋಷವಿದು.

ಆಳದ ಚರಿತ್ರೆ

ಭಾರತದಲ್ಲಿ ಈ ವ್ಯಾಧಿಯ ಮೊದಲ ವೈಜ್ಞಾನಿಕ ವರದಿಯು 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರಿಂದ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯನ್ನು ಕುರಿತು ಬಂದಿತು. ಅಲ್ಲಿಯ ಜನ ತೆರೆದ ಬಾವಿಗಳ ನೀರನ್ನೇ ಕುಡಿಯುತ್ತಿದ್ದರೆಂಬುದನ್ನು ಮರೆಯಬಾರದು. ಶಿಲೆ ಅನುಕೂಲವಾಗಿದ್ದರೆ ಮೇಲ್ಪದರದ ನೀರಿಗೂ ಫ್ಲೋರೈಡ್ ಸೇರಬಲ್ಲದು. ಆದಾಗ್ಯೂ ಚಳ್ಳಕೆರೆ–ಮೊಳಕಾಲ್ಮೂರಿನಂತಹ ಪ್ರದೇಶದಲ್ಲಿ ನೀರಿನ ಮೂಲವೇ ಬದಲಾಯಿತೆಂಬುದು ಗಮನಾರ್ಹ. ಕೆರೆಯ ಹಿಂಬದಿಯ ಸಿಹಿನೀರ ಬಾವಿ, ಹಳ್ಳದ ಮರಳಿನಲ್ಲಿ ತೋಡಿದ ಒರತೆ, ಕಲ್ಯಾಣಿ ಇವೆಲ್ಲ ಇತ್ತೀಚಿನ ಮಳೆಯ ನೀರನ್ನೇ ಒದಗಿಸುತ್ತಿದ್ದವು. 1966–67ರ ಬರಗಾಲದ ಸಂದರ್ಭದಲ್ಲಿ ಯುನಿಸೆಫ್ ನೆರವಿನಿಂದ ಗಟ್ಟಿಶಿಲೆಯನ್ನು ಕೊರೆಯುವ ಯಂತ್ರಗಳು ಭಾರತಕ್ಕೆ ಬಂದವು. 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್-2’ ಕೈಪಂಪು ರೂಪುಗೊಂಡಿತು. ಸಾಂಕ್ರಾಮಿಕ ರೋಗಗಳಿಂದ ಗ್ರಾಮಗಳನ್ನು ಕಾಪಾಡಿದ ಕೀರ್ತಿ ಈ ಪಂಪುಗಳಿಗೆ ಸಲ್ಲಬೇಕು. ಅನಂತರ ನೀರಾವರಿಗಾಗಿ ಕೊಳವೆಬಾವಿಗಳು ಹೆಚ್ಚಿ, ನೀರಿನ ಮಟ್ಟ ಕುಸಿದು, ಕೊರೆಯುವ ಆಳ ನೂರಾರು ಅಡಿಗೆ ಇಳಿಯಿತು. ಕ್ಯಾಲಿಫೋರ್ನಿಯಾದ ಎರಡು ಬಗೆಯ ಊಟೆಗಳ ನಡುವೆ ಕಂಡ ವ್ಯತ್ಯಾಸವನ್ನು ಇಲ್ಲಿಯ ಗ್ರಾಮಗಳು ಒಂದೇ ತಲೆಮಾರಿನಲ್ಲಿ ದಾಟಿದವು. ಅದರ ಪರಿಣಾಮವು ಮಕ್ಕಳ ಹಲ್ಲಿನ ಕಂದುಗೆರೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರಮಾಣ ಹೆಚ್ಚಾಗಿ ಸೇವನೆ ದೀರ್ಘವಾದರೆ ಮೂಳೆ, ಕೀಲುಗಳಲ್ಲಿ ನೆಲೆಸುತ್ತದೆ.

ಇಲ್ಲಿ ಮಾದರಿಯ ಮಿತಿಯನ್ನೂ ಹೇಳಬೇಕು. ಎರಡು ಬಾವಿಗಳ ನೀರಿನ ವಿಶ್ಲೇಷಣೆಯನ್ನು ಕೊಟ್ಟು, ಇವುಗಳ ನಡುವೆ ಯಾವ ಖನಿಜ ಎಷ್ಟು ಕರಗಿತೆಂದು ಕೇಳಿದರೆ, ಗಣಕವು ಹಲವು ಉತ್ತರಗಳನ್ನು ಕೊಡುತ್ತದೆ. ಎಲ್ಲವೂ ಲೆಕ್ಕಕ್ಕೆ ಸರಿಯೇ. ಯಾವುದು ನಡೆಯಿತೆಂಬುದನ್ನು ನಿರ್ಧರಿಸಲು ಬಾವಿಯ ಆಳ, ತೋಡಿದ ವರ್ಷ, ಕೆರೆ ತುಂಬಿದ ವರ್ಷಗಳು, ನೆಲದ ಚೌಳು ಇವುಗಳ ದಾಖಲೆ ಬೇಕು. ಗ್ರಾಮಲೆಕ್ಕಗಳು, ಕೆರೆಗಳ ಕಡತಗಳು, ಗೆಜೆಟಿಯರುಗಳು, ಹಿರಿಯರ ನೆನಪು ಇವೇ ಆ ದಾಖಲೆಗಳು. ಇವುಗಳನ್ನು ಸಂಗ್ರಹಿಸುವುದು ಇತಿಹಾಸಕಾರನ ಕೆಲಸ.

ಉಪಸಂಹಾರ

1898ರಿಂದ 1907ರವರೆಗೆ ನಿರ್ಮಾಣವಾದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ಕೋಡಿ ಹರಿಯಿತು. ತುಂಗಭದ್ರಾ ಹಿನ್ನೀರನ್ನು ಈ ತಾಲ್ಲೂಕುಗಳಿಗೆ ಕುಡಿಯಲು ತರುವ ಯೋಜನೆಯೂ ರೂಪುಗೊಂಡಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ನೀರೂ ಗಣಕವೂ ಒಂದೇ ಸೀಮೆಗೆ ಬಂದಿರುವ ಈ ಸಂದರ್ಭದಲ್ಲಿ, ಪರಿಹಾರವು ಯಂತ್ರದಿಂದ ಶುದ್ಧೀಕರಿಸುವುದರಲ್ಲಿಯೇ ಮುಗಿಯಬಾರದು. ಫ್ಲೋರೈಡ್ ಇಲ್ಲಿಯ ಶಿಲೆಯಲ್ಲಿ ಯಾವಾಗಲೂ ಇತ್ತು. ಕುಡಿಯುವ ಬಿಂದಿಗೆಗೆ ಅದು ಈ ಪ್ರಮಾಣದಲ್ಲಿ ಬರಲು ನಾವು ಆಯ್ದುಕೊಂಡ ಆಳವೂ ಕಾರಣ. ನೆಲದ ಗುಣವೆಂದರೆ ಸುಮ್ಮನಿರಬೇಕಾಗುತ್ತದೆ. ಚರಿತ್ರೆಯಲ್ಲಿ ನಡೆದ ಘಟನೆಯೆಂದರೆ ಅದನ್ನು ತಿದ್ದುವ ಹೊಣೆ ಒದಗುತ್ತದೆ. ಕೆರೆಯ ಹೂಳೆತ್ತಿ, ಹೊಸ ಮಳೆಯ ನೀರು ಮೇಲ್ಪದರದಲ್ಲಿ ನಿಲ್ಲುವಂತೆ ಮಾಡುವ ಕೆಲಸವನ್ನು ಆ ಹೊಣೆಯ ಮೊದಲ ಹೆಜ್ಜೆಯೆಂದು ಪರಿಗಣಿಸಬಹುದು.