ವಿಮಾನ ದುರಸ್ತಿಯಲ್ಲಿ ಮಾನವ ಪ್ರಮಾದ: ವಿಚಾರಣಾದೃಷ್ಟಿಯ ಪರಿವರ್ತನೆ

ವಿಮಾನಾಪಘಾತಗಳ ವಿಚಾರಣೆಯಲ್ಲಿ ಚಾಲಕನ ಮನೋವ್ಯಾಪಾರಕ್ಕೆ ಬಹು ಹಿಂದೆಯೇ ಸಂದಿದ್ದ ಗಮನವು, ಅದೇ ವಿಮಾನವನ್ನು ಇರುಳೆಲ್ಲ ಎಚ್ಚರವಿದ್ದು ಸರಿಪಡಿಸುವ ಕುಶಲಕರ್ಮಿಯ ಕಣ್ಣು, ಕೈ, ನಿದ್ರೆಗಳಿಗೆ ದೊರೆತುದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. 1979ರ ಮೇ 25ರಂದು ಷಿಕಾಗೋದಲ್ಲಿ ಡಿಸಿ-10 ವಿಮಾನದ ಎಂಜಿನ್ ಕಳಚಿಬಿದ್ದು 273 ಮಂದಿ ಮಡಿದರು; ಎಂಜಿನ್ನನ್ನೂ ಅದರ ಆಧಾರಕಂಬವನ್ನೂ ಬೇರೆಬೇರೆಯಾಗಿ ಇಳಿಸಬೇಕೆಂಬ ತಯಾರಕರ ವಿಧಿಯನ್ನು ಬಿಟ್ಟು, ಶ್ರಮವುಳಿಸಲೆಂದು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟಿನಿಂದ ಇಳಿಸಿದ ಪದ್ಧತಿಯೇ ಬಿರುಕಿಗೆ ಮೂಲವಾಗಿತ್ತು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಬೋಯಿಂಗ್ 737ರ ಛಾವಣಿ ಆಕಾಶಮಧ್ಯದಲ್ಲಿ ಕಿತ್ತುಹೋದಾಗಲಾದರೋ, ತನಿಖಾ ಮಂಡಲಿಯು ಲೋಹದ ದಣಿವಿನೊಡನೆ ಮನುಷ್ಯನ ದಣಿವನ್ನೂ ಪರ್ಯಾಲೋಚಿಸಿತು: ರಾತ್ರಿವೇಳೆ ಸೊಂಟಕ್ಕೆ ಹಗ್ಗ ಬಿಗಿದು, ದೀಪ ಹಿಡಿದು, ಅಟ್ಟಣೆಯೇರಿ ಸಾಲುಸಾಲು ರಿವೆಟ್ಟುಗಳನ್ನು ನೋಡುತ್ತ ಹೋಗುವವನ ದೃಷ್ಟಿ ಕೊನೆಯ ರಿವೆಟ್ಟಿನವರೆಗೂ ಚುರುಕಾಗಿ ಉಳಿಯುವುದು ಸುಲಭವೇ?

ಇಂಗ್ಲೆಂಡಿನ ಪ್ರಸಂಗ ಇನ್ನೂ ಬೋಧಪ್ರದವಾದುದು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಂನಿಂದ ಮಾಲಗಾಕ್ಕೆ ಹೊರಟ ಬಿಎಸಿ ಒನ್-ಇಲೆವೆನ್ ವಿಮಾನವು 17,300 ಅಡಿ ಎತ್ತರದಲ್ಲಿದ್ದಾಗ ಅದರ ಎಡ ಮುಂಗಾಜು ಹಾರಿಹೋಯಿತು. ಅರ್ಧದೇಹ ಹೊರಕ್ಕೆ ಸೆಳೆಯಲ್ಪಟ್ಟ ಕ್ಯಾಪ್ಟನ್ನನ ಕಾಲುಗಳನ್ನು ಸಹೋದ್ಯೋಗಿಗಳು ಬಿಗಿಹಿಡಿದಿರಲು, ಸಹಚಾಲಕನು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದನು. ಪುಣ್ಯವಶಾತ್ ಯಾರೂ ಸಾಯಲಿಲ್ಲ.

ಆ ಗಾಜನ್ನು 27 ಗಂಟೆ ಮುಂಚೆ ಹೊಸದಾಗಿ ಕೂರಿಸಲಾಗಿತ್ತು. ಜನಬಲ ಕಡಿಮೆಯಿದ್ದ ರಾತ್ರಿಪಾಳಿಯಲ್ಲಿ ಪಾಳಿಯ ಮೇಲಧಿಕಾರಿಯೇ, ಬೆಳಗಿನ ಜಾವದ ಹೊತ್ತಿನಲ್ಲಿ, ಕೆಲಸವನ್ನು ಮೈಮೇಲೆಳೆದುಕೊಂಡಿದ್ದನು. ಬಿಡಿಭಾಗಗಳ ಪಟ್ಟಿಯನ್ನು ನೋಡದೆ, ಕಳಚಿದ ಹಳೆಯ ಬೋಲ್ಟನ್ನೇ ಮಾದರಿಯಾಗಿ ಹಿಡಿದನು. ಉಗ್ರಾಣದಲ್ಲಿ ಅಂಥವು ಸಾಕಷ್ಟಿಲ್ಲದುದರಿಂದ ಬೇರೆಡೆಗೆ ಹೋಗಿ, ಮಂದಬೆಳಕಿನಲ್ಲಿ, ಓದುವ ಕನ್ನಡಕವಿಲ್ಲದೆ, ಒಂದಕ್ಕೊಂದು ತಾಳೆನೋಡಿ ಆರಿಸಿದನು. 90 ಬೋಲ್ಟುಗಳಲ್ಲಿ 84ರ ವ್ಯಾಸ ಇಂಚಿನ ಸಾವಿರದಲ್ಲಿ 26 ಪಾಲಿನಷ್ಟು ಕಡಿಮೆಯಿತ್ತು. ಉಳಿದ ಆರಕ್ಕೆ ಉದ್ದ ಸಾಲದು. ಅಟ್ಟಣೆ ಸರಿಯಾದ ಸ್ಥಾನದಲ್ಲಿಲ್ಲದೆ ಮೈಚಾಚಿ ತಿರುಗಿಸುತ್ತಿದ್ದವನಿಗೆ, ಬೋಲ್ಟಿನ ತಲೆ ತನ್ನ ಕುಳಿಯಲ್ಲಿ ಸಡಿಲವಾಗಿ ಕುಳಿತುದು ತನ್ನ ಕೈಯ ಮರೆಯಲ್ಲಿಯೇ ಅಡಗಿಹೋಯಿತು.

ಈತನನ್ನು ಅಲಕ್ಷ್ಯಗಾರನೆನ್ನಲು ನನ್ನ ಮನಸ್ಸೊಪ್ಪದು. ಆತನು ಮಾದರಿಯೆಂದು ನಂಬಿದ ಹಳೆಯ ಬೋಲ್ಟುಗಳೇ ಬಹುಪಾಲು ಗಿಡ್ಡವಾಗಿದ್ದುವು. ಆದರೂ ವರ್ಷಗಟ್ಟಲೆ ಗಾಜನ್ನು ಹಿಡಿದು ನಿಂತಿದ್ದುವು! ಅಲ್ಲದೆ, ಮುಂಗಾಜನ್ನು ಪ್ರಾಣಾಧಾರ ಭಾಗಗಳ ವರ್ಗದಲ್ಲಿ ಸೇರಿಸದಿದ್ದುದರಿಂದ, ಮತ್ತೊಬ್ಬನು ಅದನ್ನು ಪರೀಕ್ಷಿಸಬೇಕೆಂಬ ನಿಯಮವೇ ಇರಲಿಲ್ಲ. ತಪ್ಪಿದವನಾರೆಂಬ ಪ್ರಶ್ನೆಯಿಂದ, ತಪ್ಪಲು ಎಡೆಯಾದುದೆಂತೆಂಬ ಪ್ರಶ್ನೆಗೆ ವಿಚಾರಣೆಯನ್ನು ತಿರುಗಿಸಿದ ಪ್ರಕರಣಗಳಲ್ಲಿ ಇದನ್ನು ನಾನು ಮುಖ್ಯವೆಂದೆಣಿಸುತ್ತೇನೆ.

1993ರಲ್ಲಿ ಕೆನಡಾದ ಗಾರ್ಡನ್ ಡುಪಾಂಟ್ ಅವರು ದುರಸ್ತಿಯ ಪ್ರಮಾದಗಳಿಗೆ ಹನ್ನೆರಡು ಕಾರಣಗಳನ್ನು ಗುರುತಿಸಿದರು. ಆಯಾಸ, ಒತ್ತಡ, ಸಾಧನಗಳ ಕೊರತೆ ಇವು ಸಹಜವಾಗಿಯೇ ಅವುಗಳಲ್ಲಿವೆ. ನನಗೆ ಅತ್ಯಂತ ಗಹನವಾಗಿ ತೋರುವುದು, ತಿಳಿದುದನ್ನು ದೃಢವಾಗಿ ನುಡಿಯಲಾರದ ಸಂಕೋಚ. ಬರ್ಮಿಂಗ್‌ಹ್ಯಾಂನ ಉಗ್ರಾಣದವನು ಆ ರಾತ್ರಿ ಸರಿಯಾದ ಬೋಲ್ಟಿನ ಸಂಖ್ಯೆಯನ್ನು ಮೇಲಧಿಕಾರಿಗೆ ಹೇಳಿಯೇ ಇದ್ದನು. ಆದರೆ ಪಟ್ಟುಹಿಡಿದು ಹೇಳಲಿಲ್ಲ.